ಹರಳಿನ ಗುಹೆಯಲ್ಲಿ ಎಂಟು ನಿಮಿಷ

ಜೀಪು ಗಣಿಯ ಇಳಿಜಾರಿನಲ್ಲಿ ಸುತ್ತಿ ಸುತ್ತಿ ಕೆಳಗಿಳಿಯುತ್ತಿತ್ತು. ಮುದುಕ ಲಿಬ್ರಾದೊ ತನ್ನ ಕೊನೆಯ ಅಸ್ತ್ರ ಬಿಟ್ಟ.

“ನೋಡು ಒತಿಲಿಯಾ, ಹೆಂಗಸರು ಇಳಿದ್ರೆ ಗಣಿಗೆ ಹೊಟ್ಟೆಕಿಚ್ಚು ಬರುತ್ತೆ. ಸಿಟ್ಟಿಗೆ ಬೆಳ್ಳಿನೆಲ್ಲ ಬಚ್ಚಿಟ್ಕೊಳ್ಳುತ್ತೆ. ನಮ್ಮಪ್ಪನ ಕಾಲದಿಂದ ಹೇಳ್ಕೊಂಡು ಬಂದಿರೋ ಮಾತು. ಈಗಲೂ ವಾಪಸ್ ಹೋಗಬಹುದು.”

“ಎಪ್ಪತ್ತರ ಮುದುಕಿನ ನೋಡಿ ಹೊಟ್ಟೆಕಿಚ್ಚು ಪಡೋದಾದ್ರೆ ಪಡಲಿ ಬಿಡು,” ಎಂದಳು ಹೆಂಡತಿ. ಜೀಪು ಓಡಿಸುತ್ತಿದ್ದ ಮೇಸ್ತ್ರಿ ತೆಯೊಫಿಲೊ ಕಿಸಕ್ಕನೆ ನಕ್ಕ.

ಲಿಬ್ರಾದೊಗೆ ನಗು ಬರಲಿಲ್ಲ. ಮುಂದಿನ ತಿಂಗಳು ಗಣಿಯ ತಳದಿಂದ ನೀರೆತ್ತುವ ಪಂಪುಗಳನ್ನು ನಿಲ್ಲಿಸುತ್ತಾರೆ. ಮೇಲಿನ ಹಂತಗಳಲ್ಲಿ ಸೀಸ, ಬೆಳ್ಳಿ ಅಗೆಯುವುದು ನಡೆದೇ ಇರುತ್ತದೆ. ತಳದಲ್ಲಿರುವ ಹರಳಿನ ಗುಹೆ ಮಾತ್ರ ನೀರಿನಲ್ಲಿ ಮುಳುಗುತ್ತದೆ. ಅದಕ್ಕೇ ಹಳೆಯ ಕೆಲಸಗಾರರಿಗೂ ಅವರ ಮನೆಯವರಿಗೂ ಒಮ್ಮೆ ನೋಡಿಕೊಂಡು ಹೋಗಿ ಎಂದಿದ್ದರು. ಗಂಡನನ್ನು ಒಂದು ಮಾತೂ ಕೇಳದೆ ಒತಿಲಿಯಾ ಇಬ್ಬರ ಹೆಸರನ್ನೂ ಬರೆಸಿ ಬಂದಿದ್ದಳು. ಹದಿನೈದು ವರ್ಷಗಳಿಂದ ಅವಳಿಗೆ ಗುಹೆಯನ್ನು ಮೂಲೆಮೂಲೆ ಬಿಡದೆ ಬಣ್ಣಿಸುತ್ತ ಬಂದಿದ್ದ ಲಿಬ್ರಾದೊ ಅದರೊಳಗೆ ಒಂದು ದಿನವೂ ಕಾಲಿಟ್ಟವನಲ್ಲ.

ಅವನು ಪಂಪಿನವನು. ಗುಹೆ ಸಿಕ್ಕಿದ ವರ್ಷ ಉಳಿದವರೆಲ್ಲ ಸರದಿಯಲ್ಲಿ ಹೋಗಿ ನೋಡಿ ಬಂದರು. ಇವನು ಪಂಪು ಬಿಟ್ಟು ಕದಲುವಂತಿರಲಿಲ್ಲ, ಕದಲಿದರೆ ನೀರು ಏರುತ್ತಿತ್ತು. ಅದೇ ವರ್ಷ ಒತಿಲಿಯಾ ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳು ಮಲಗಿದ್ದಳು. ಸಂಜೆ ಕೆಲಸದಿಂದ ಬಂದವನು ಗೋಧಿ ರೊಟ್ಟಿಯಲ್ಲಿ ಬೇಯಿಸಿದ ಕಾಳು ಸುತ್ತಿ ಅವಳ ಬಾಯಿಗಿಡುತ್ತ, ಒಂದು ದಿನ, “ಇವತ್ತು ನಾನೂ ಗುಹೆ ನೋಡಿದೆ,” ಎಂದುಬಿಟ್ಟ. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು. ಮರುದಿನ ಇನ್ನೊಂದು ಹರಳು ಸೇರಿಸಿದ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ಲಿಬ್ರಾದೊ ನೂರನ್ನೂ ಹೇಳಿದ್ದು ಅವಳು ನಗಲಿ ಎಂಬ ಆಸೆಗೆ. ನಲವತ್ತು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಅಷ್ಟು ಮಾತಾಡಿದ್ದು ಆ ಸಂಜೆಗಳಲ್ಲೇ. ಈಗಲೂ ನೆನೆದರೆ ಅವನಿಗೆ ಎದೆ ತುಂಬಿ ಬರುತ್ತದೆ.

ಗುಹೆಯ ಬಾಗಿಲ ಬಳಿ ತೆಯೊಫಿಲೊ ಇಬ್ಬರಿಗೂ ಮಂಜುಗಡ್ಡೆ ತುಂಬಿದ ಅಂಗಿ ತೊಡಿಸಿದ. “ಒಳಗೆ ಎಂಟೇ ನಿಮಿಷ. ಆಮೇಲೆ ಆ ಬಿಸಿಗೆ ಜೀವ ತಡೆಯಲ್ಲ. ಲಿಬ್ರಾದೊ ಯಜಮಾನ್ರೆ, ನಿಮಗೆ ಹೇಳೋದೇ ಬೇಡ ಬಿಡಿ, ಗುಹೆ ಜೊತೆ ಹಳೇ ನೆಂಟಸ್ತಿಕೆ.” ಪಂಪಿನ ಮನೆಯಲ್ಲಿ ಇವನ ಕೈಕೆಳಗೇ ಪಳಗಿದವನು, ಎಲ್ಲ ಬಲ್ಲವನು. ಲಿಬ್ರಾದೊ ಅವನ ಪಕ್ಕೆಗೆ ತಿವಿದ.

ಕಬ್ಬಿಣದ ಬಾಗಿಲು ತೆರೆಯಿತು. ಹಬೆ ಮುಖಕ್ಕೆ ರಾಚಿತು. ತೆಯೊಫಿಲೊ ದೀಪ ಎತ್ತಿ ಹಿಡಿದ. ಮರದ ದಿಮ್ಮಿಗಿಂತ ದಪ್ಪನೆಯ ಬಿಳಿ ಹರಳುಗಳು ನೆಲದಿಂದ ಸೂರಿಗೆ, ಗೋಡೆಯಿಂದ ಗೋಡೆಗೆ ಅಡ್ಡಾದಿಡ್ಡಿ ಚಾಚಿಕೊಂಡಿದ್ದವು. ಬೇಕಾದರೆ ಒಂದರ ಮೇಲೆ ಹತ್ತಿ ನಡೆದುಕೊಂಡು ಹೋಗಬಹುದಿತ್ತು. ಲಿಬ್ರಾದೊ ಬಾಯಿ ತೆರೆದು ನಿಂತ. ನೋಡಿದ್ದನ್ನೇ ನೋಡುತ್ತಿರುವಂತೆ ನಟಿಸಲು ಅವನಿಂದ ಆಗಲಿಲ್ಲ.

“ಒತಿಲಿಯಾ, ನಿನಗೊಂದು ಮಾತು ಹೇಳಬೇಕು...”

“ಗೊತ್ತು. ಇಲ್ಲಿಗೆ ಬಂದು ಹೋದವರ ಪ್ಯಾಂಟಿನ ಮೊಣಕಾಲಿಗೆಲ್ಲ ಬಿಳೀ ಪುಡಿ, ತಿಕ್ಕಿ ತಿಕ್ಕಿ ಸಾಕಾಯ್ತು ಅಂತ ಅವರ ಹೆಂಡ್ತೀರು ಗೊಣಗೋರು. ಎದ್ದು ಓಡಾಡೋ ಹಾಗಾದ ಮೊದಲನೇ ವಾರನೇ ನಿನ್ನ ಬಟ್ಟೆ ಒಗೆದೆ. ಬರೀ ಗ್ರೀಸು.”

“ಮತ್ತೆ ಇಷ್ಟು ವರ್ಷ ಸುಮ್ಮನೆ ಕೇಳಿಸ್ಕೊಂಡೆ?”

“ನೀನು ಹೇಳೋದು ಚೆನ್ನಾಗಿರ್ತಿತ್ತು.”

“ಈಗ ಯಾಕೆ ಬಂದೆ?”

“ನಾನು ಹಟ ಮಾಡದಿದ್ರೆ ನೀನು ಬರ್ತಿದ್ಯಾ? ನೀನು ನೀರು ಎತ್ತಿದ್ದಕ್ಕೆ ತಾನೆ ಎಲ್ಲರೂ ನೋಡಿದ್ದು. ಮುಳುಗೋಕೆ ಮುಂಚೆ ನೀನೂ ನೋಡು.” ಅವಳು ಕನ್ನಡಕ ತೆಗೆದು ಕತ್ತಿಗೆ ಸುತ್ತಿದ್ದ ಶಾಲಿನ ತುದಿಯಿಂದ ಒರೆಸಿದಳು, ಹಬೆ ಮತ್ತೆ ಕೂತಿತು. “ನನಗಂತೂ ಏನೂ ಕಾಣ್ತಿಲ್ಲ. ಹೇಳು, ಹೇಗಿದೆ?”

“ಇನ್ನೆರಡು ನಿಮಿಷ,” ಎಂದ ತೆಯೊಫಿಲೊ.

ಲಿಬ್ರಾದೊ ಹೆಂಡತಿಯ ಕೈ ಹಿಡಿದು ಹತ್ತಿರದ ಹರಳಿನ ಮೇಲೆ ಇಟ್ಟ. ಇನ್ನೊಮ್ಮೆ ನೆಲದಿಂದ ಸೂರಿನವರೆಗೆ ಕಣ್ಣು ಹಾಯಿಸಿದ.

“ಇದರ ಮುಂದೆ ನಾನು ತುಂಬಾ ಕಮ್ಮಿ ಸುಳ್ಳು ಹೇಳಿದೀನಿ ಕಣೆ, ಮುದುಕಿ,” ಎಂದ ಕೊನೆಗೆ.