ತುಟಿ ತೆರೆಯದವರ ಮಾತು

"ಸಾಕು, ನಿಲ್ಸಿ! ಇದು ಬೇರೆ ಗ್ರಹದವರ ಭಾಷೆ ಅಲ್ಲ, ಹಲ್ಲುನೋವಿನವರ ಗೋಳು" ಎಂದು ನಿರ್ದೇಶಕರು ಕೈಯಲ್ಲಿದ್ದ ನೋಟುಪುಸ್ತಕವನ್ನು ಮೇಜಿನ ಮೇಲೆ ಎಸೆದರು. ರಂಗದ ಮೇಲಿದ್ದ ಹನ್ನೊಂದು ಮಂದಿ ನಟರು ಗೊಳ್ಳೆಂದು ನಕ್ಕರು. ನಾಟಕಕ್ಕೆ ಉಳಿದದ್ದು ಎರಡೇ ದಿನ.

ಆ ನಾಟಕ ಬರೆದವಳು ದರ್ಜಿಯ ಮಗಳು. ಆಕಾಶದಿಂದ ಇಳಿದು ಬರುವ ಒಂದು ಜನಾಂಗ, ಅವರಿಗೊಬ್ಬ ಸಾಮ್ರಾಟ, ಅವರಿಗೆಂದೇ ಕಟ್ಟಿದ ಒಂದು ಭಾಷೆ. ಮಾತುಗಳನ್ನೂ ಅವುಗಳ ಅರ್ಥಗಳನ್ನೂ ಆ ನೋಟುಪುಸ್ತಕದ ಇನ್ನೂರು ಪುಟಗಳಲ್ಲಿ ತುಂಬಿಸಿಟ್ಟು, ಆಡಿ ತೋರಿಸುವ ಮೊದಲೇ ಅವಳು ದೇವರ ಪಾದ ಸೇರಿದಳು. ಎಂಟು ತಿಂಗಳಾಗಿತ್ತು. ಉಡುಪು ಹೊಲಿಯುವ ಕೆಲಸವನ್ನು ತಂದೆ ತಾವಾಗಿಯೇ ಕೇಳಿ ಪಡೆದಿದ್ದರು. ತಾಲೀಮಿಗೆ ಬಂದದ್ದು ಅಂದೇ ಮೊದಲು. ಸಾಮ್ರಾಟನ ಪಾತ್ರಧಾರಿಯ ಕಾಲ ಬಳಿ ಮಂಡಿಯೂರಿ, ನಿಲುವಂಗಿಯ ಅಂಚು ಮಡಚಿ ಗುಂಡುಸೂಜಿ ಚುಚ್ಚುತ್ತಿದ್ದರು.

"ಮಾಸ್ಟ್ರೇ, ಬೇಜಾರು ಮಾಡ್ಕೋಬೇಡಿ" ಎಂದರು ನಿರ್ದೇಶಕರು, ದನಿ ತಗ್ಗಿಸಿ. "ಕಥೆ ಹಾಗೇ ಇರ್ಲಿ. ಈ ಭಾಷೆ ಮಾತ್ರ ಕೈಬಿಡೋಣ. ಅವರೂ ನಮ್ಮ ಹಾಗೇ ಮಾತಾಡ್ಲಿ. ಜನ ನಕ್ಕುಬಿಟ್ರೆ ನಿಮ್ಮ ಮಗಳಿಗೇ ಅವಮಾನ ಅಲ್ವಾ? ಮೊದಲನೇ ಪುಟದಲ್ಲೇ ನೋಡಿ, 'ಇವರು ತುಟಿ ತೆರೆಯದೆ ಮಾತಾಡುತ್ತಾರೆ. ಇವರ ಬಾಯಲ್ಲಿ ಸದಾ ಕೆಲಸವಿರುತ್ತದೆ' ಅಂತ ಬರೆದಿದ್ದಾಳೆ. ಬಾಯಲ್ಲಿ ಎಂಥ ಕೆಲಸ ಇರುತ್ತೆ, ನೀವೇ ಹೇಳಿ!"

"ನಮ್ಮತ್ತೆಗೆ ಇರುತ್ತೆ ಸಾರ್, ಮೂರು ಹೊತ್ತೂ" ಎಂದ ಸಾಮ್ರಾಟ. ಮತ್ತೆ ನಗು.

ದರ್ಜಿಯ ಕೈ ನಿಂತಿತು. ಧೈರ್ಯ ಸಾಲದೆ ಆ ಪುಸ್ತಕವನ್ನು ಅವರು ಒಂದು ದಿನವೂ ಬಿಚ್ಚಿರಲಿಲ್ಲ. ಈಗ ಕೈ ಚಾಚಿ ತೆಗೆದುಕೊಂಡರು. ಸಾಮ್ರಾಟನ ಮೊದಲ ಮಾತು ಎಲ್ಲಿದೆಯೆಂದು ಸನ್ನೆಯಲ್ಲೇ ಕೇಳಿ, ಕುಳಿತಲ್ಲೇ ಓದಿದರು. ತುಟಿಗಳ ನಡುವೆ ನಾಲ್ಕು ಗುಂಡುಸೂಜಿಗಳು ಹಾಗೆಯೇ ಇದ್ದವು.

"ಹ್ಞಾ ಸಿಲ್ ಎರೆ, ಹ್ಞಾ ಸಿಲ್ ನೂ..."

ಮಾತು ಹಲ್ಲಿನ ಸಂದಿಯಿಂದ, ಮೂಗಿನಿಂದ, ಗಂಟಲಿನ ಆಳದಿಂದ ಹೊರಟಿತು. ನಿಲ್ಲಬೇಕಾದಲ್ಲಿ ನಿಂತಿತು, ಹರಿಯಬೇಕಾದಲ್ಲಿ ಹರಿಯಿತು. ಅದು ಗೋಳಾಗಿರಲಿಲ್ಲ, ಆಳುವವನ ಅಪ್ಪಣೆಯಾಗಿತ್ತು. ನಗುತ್ತಿದ್ದವರು ನಿಂತಲ್ಲೇ ನಿಂತರು.

"ನಿಮಗೆ ಅವಳು ಇದನ್ನ ಕಲಿಸಿದ್ಲಾ?" ನಿರ್ದೇಶಕರು ಮೆಲ್ಲಗೆ ಕೇಳಿದರು.

ದರ್ಜಿ ಸೂಜಿಗಳನ್ನು ಅಂಗೈಗೆ ತೆಗೆದುಕೊಂಡರು. "ಇಲ್ಲ ಸಾರ್, ನಾನೇ ಅವಳಿಗೆ ಕಲಿಸಿದ್ದೆ ಅಂತ ಈಗ ಗೊತ್ತಾಯ್ತು. ಮೂರು ವರ್ಷದ ಮಗುವಾಗಿದ್ದಾಗಿಂದ ನನ್ನ ಮಿಷನ್ ಕೆಳಗೇ ಆಡ್ಕೊಂಡಿರ್ತಿದ್ಲು. ಕತ್ತರಿ ತಾ, ನೂಲು ಕೊಡು, ಊಟ ಆಯ್ತಾ... ಎಲ್ಲಾ ಸೂಜಿ ಬಾಯಲ್ಲಿಟ್ಕೊಂಡೇ ಹೇಳ್ತಿದ್ದೆ. ಗಿರಾಕಿಗಳು ನಗೋರು. ಅವಳಮ್ಮ ಅಂತೂ 'ಗೊಣಗಬೇಡಿ, ಬಾಯಿ ಬಿಟ್ಟು ಹೇಳಿ' ಅಂತ ದಿನಾ ಬೈಯೋಳು." ಅವರು ನೋಟುಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. "ದೇವರು ನನ್ನ ಹತ್ರ ಅವಳನ್ನ ಇಟ್ಟಿದ್ದು ಇಪ್ಪತ್ತಾರೇ ವರ್ಷ. ಅಷ್ಟರಲ್ಲಿ ನನ್ನ ಗೊಣಗಾಟಕ್ಕೆ ಒಂದು ಸಾಮ್ರಾಜ್ಯಾನೇ ಕಟ್ಟಿಟ್ಟು ಹೋಗಿದ್ದಾಳೆ, ನೋಡಿ."

ಸಾಮ್ರಾಟ ಬಗ್ಗಿ ದರ್ಜಿಯ ಅಂಗೈಯತ್ತ ಕೈ ಚಾಚಿದ.

"ಏಯ್, ಸೂಜಿ ಬೇಡ! ನೀನು ನುಂಗಿದ್ರೆ ನಾನು ಜೈಲಿಗೆ ಹೋಗ್ಬೇಕು. ಬೆಂಕಿಕಡ್ಡಿ ಇಟ್ಕೊಳ್ಳಿ ಎಲ್ಲರೂ" ಎಂದು ನಿರ್ದೇಶಕರು ಜೇಬಿನಿಂದ ಪೊಟ್ಟಣ ತೆಗೆದರು.

ಹನ್ನೊಂದು ಮಂದಿಯ ತುಟಿಗಳಲ್ಲೂ ಕಡ್ಡಿಗಳು ಕುಳಿತವು. ದರ್ಜಿ ಒಂದೊಂದೇ ಸಾಲು ಹೇಳಿಕೊಟ್ಟರು. ಎಡವಿದವನನ್ನು ಬಿಡದೆ ತಿದ್ದಿದರು. "ಗಟ್ಟಿಯಾಗಿ! ನನ್ನ ಮಗಳ ಜನ ಇಷ್ಟು ಪುಕ್ಕಲರಲ್ಲ" ಎಂದು ಗದರಿದರು. ಗಂಟೆ ಕಳೆಯುವಷ್ಟರಲ್ಲಿ ಇಡೀ ರಂಗ ಅದೇ ದನಿಯಲ್ಲಿ ಗುಂಯ್‌ಗುಡುತ್ತಿತ್ತು.

"ಭಾಷೆ ಇರುತ್ತೆ ಮಾಸ್ಟ್ರೇ" ಎಂದರು ನಿರ್ದೇಶಕರು. "ಆದ್ರೂ ನೋಡೋಕೆ ಬಂದವರಿಗೆ ಅರ್ಥ ಆಗ್ಬೇಕಲ್ಲ, ಅದೊಂದೇ ಅಳುಕು."

"ಆಗುತ್ತೆ ಸಾರ್. ಕಿವಿಗೊಟ್ಟವರಿಗೆ ಆಗುತ್ತೆ."

ದರ್ಜಿ ಮತ್ತೆ ಮಂಡಿಯೂರಿದರು. ಸೂಜಿಗಳನ್ನು ತುಟಿಗಿಟ್ಟುಕೊಂಡು, ಅಂಚಿನಿಂದ ಕಣ್ಣು ತೆಗೆಯದೆ ಏನೋ ಹೇಳಿದರು. ಏನೆಂದು ಕೇಳದೆ ಸಾಮ್ರಾಟ ಬೆನ್ನು ತಿರುಗಿಸಿ, ಎರಡೂ ತೋಳೆತ್ತಿ ನಿಂತುಕೊಂಡ.