ಸಾವಿರ ಪೌಂಡಿನ ಮೀನು

ಎಲ್ಮರ್ ಚಹಾ ಬಗ್ಗಿಸಿಕೊಳ್ಳಲು ಎದ್ದುಹೋಗಿ ಎರಡು ನಿಮಿಷವೂ ಆಗಿರಲಿಲ್ಲ, ದೋಣಿಯ ಹಿಂಬದಿಯಲ್ಲಿ ಗಾಳದ ದಾರ ಸುತ್ತಿದ್ದ ರೀಲು ಕಿರುಚಿಕೊಂಡಿತು. ಲೋಟ ಬಿಸಾಡಿ ಓಡಿಬರುವಷ್ಟರಲ್ಲಿ ಅವನ ಹೆಂಡತಿ ಲಿಯೋನಾ ಅಲ್ಲಿನ ತಿರುಗುವ ಕುರ್ಚಿಯಲ್ಲಿ ಕೂತು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಬಾಗಿ ನಡುಗುತ್ತಿದ್ದ ಗಾಳದ ಕೋಲನ್ನು ಎರಡೂ ಕೈಯಲ್ಲಿ ಹಿಡಿದಾಗಿತ್ತು. ಗಾಳಕ್ಕೆ ಸಿಕ್ಕಿಸಿದ್ದ ಬಂಗುಡೆ ನುಂಗಿದ ಟ್ಯೂನಾ ಮೀನು ದಾರವನ್ನು ಸರಸರನೆ ಎಳೆದುಕೊಂಡು ದೂರಕ್ಕೆ ಓಡುತ್ತಿತ್ತು.

“ಏಳು ಏಳು, ನಾನು ಬಂದೆ. ಕೊಡಿಲ್ಲಿ.”

“ಹೆಂಗೆ ಕೊಡೋದು? ಮೊದಲು ಕೋಲು ಎತ್ತಿದೋರೇ ಕೊನೇತನಕ ಎಳೀಬೇಕು, ಇನ್ನೊಬ್ರು ಬೆರಳು ತಾಗಿಸಿದ್ರೂ ಸ್ಪರ್ಧೆಯಿಂದ ಹೊರಗೆ. ಬೆಳಗ್ಗೆಯಿಂದ ನೀನೇ ತಾನೇ ಪಾಠ ಹೇಳ್ತಿರೋದು?”

ಚುಕ್ಕಾಣಿ ಹಿಡಿದಿದ್ದ ಬ್ಲೇಜ್ ಗೊಳ್ಳೆಂದು ನಕ್ಕ. ಅವನು ಲಿಯೋನಾಳ ತಮ್ಮ, ದೋಣಿ ಅವನದೇ. “ಭಾವ, ನೀನು ಆರಾಮಾಗಿ ಇನ್ನೊಂದು ಲೋಟ ಚಹಾ ಕುಡಿ. ಅಕ್ಕಂಗೆ ಕೆಲಸ ಇದೆ.”

ಎಲ್ಮರ್ ನಗಲು ನೋಡಿದ, ಆಗಲಿಲ್ಲ. ಅವನು ಶಾಲಾ ಬಸ್ಸಿನ ಚಾಲಕ. ಪ್ರತಿ ಸೆಪ್ಟೆಂಬರಿನಲ್ಲಿ ಬಂದರಿನವರು ನಡೆಸುವ ಈ ಸ್ಪರ್ಧೆಗೆ ಇಪ್ಪತ್ತೆರಡು ವರ್ಷಗಳಿಂದ ತಪ್ಪದೆ ಬರುತ್ತಿದ್ದ. ಅವನಿಗೆ ಸಿಕ್ಕಿದ್ದರಲ್ಲಿ ದೊಡ್ಡದು ಆರುನೂರ ಹನ್ನೆರಡು ಪೌಂಡು ತೂಕದ್ದು. ಬಂದರಿನ ಸಭಾಂಗಣದಲ್ಲಿ, ಸಾವಿರ ಪೌಂಡು ದಾಟಿದ ಟ್ಯೂನಾ ಹಿಡಿದವರ ಹೆಸರು ಬರೆದ ಮರದ ಹಲಗೆಯೊಂದಿದೆ. ಅದರಲ್ಲಿ ನಾಲ್ಕನೆಯದು ಅವನ ಅಪ್ಪನ ಹೆಸರು. ಲಿಯೋನಾ ಬರುತ್ತಿದ್ದುದು ಸ್ಯಾಂಡ್‌ವಿಚ್ ಕಟ್ಟಿಕೊಂಡು, ಜೊತೆಗಿರಲಿ ಎಂದು.

ಎರಡು ಗಂಟೆ ಹತ್ತು ನಿಮಿಷ ಅವಳು ಎಳೆದಳು. ಎಲ್ಮರ್ ಹಿಂದೆ ನಿಂತು, ಮೀನು ಓಡಿದತ್ತ ಕುರ್ಚಿ ತಿರುಗಿಸುತ್ತಿದ್ದ. “ಈಗ ಎತ್ತು” ಎನ್ನುವ ಹೊತ್ತಿಗೆ ಅವಳು ಎತ್ತಿರುತ್ತಿದ್ದಳು. “ಸುತ್ತು” ಎನ್ನುವ ಹೊತ್ತಿಗೆ ಸುತ್ತುತ್ತಿದ್ದಳು. ಇಷ್ಟು ವರ್ಷ ತಿಂಡಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಂತೆ ಕಂಡವಳು ಎಲ್ಲವನ್ನೂ ನೋಡಿಟ್ಟುಕೊಂಡಿದ್ದಳೇ? ಎಲ್ಮರ್‌ಗೆ ದಾರ ಹರಿದುಹೋಗಲಿ ಎಂದು ಒಮ್ಮೆ ಅನಿಸಿತು. ಛೇ ಎಂದುಕೊಂಡ. ಮತ್ತೆ ಅನಿಸಿತು.

ಮೀನು ಮೇಲೆ ಬಂತು. ನೀರಿನೊಳಗೆ ಮೊದಲು ಕಡುನೀಲಿ ಬೆನ್ನು, ಆಮೇಲೆ ಬಾಲದ ಬಳಿಯ ಪುಟ್ಟ ಹಳದಿ ರೆಕ್ಕೆಗಳ ಸಾಲು. ಕರುವಿನಷ್ಟಲ್ಲ, ಹಸುವಿನಷ್ಟಿತ್ತು.

“ಅಯ್ಯಪ್ಪಾ, ಸಾವಿರ ದಾಟ್ತದೆ ಅಕ್ಕಾ! ಹಲಗೆ ಮೇಲೆ ನಿನ್ನ ಹೆಸರು!” ಎಂದು ಕೂಗಿ ಬ್ಲೇಜ್ ಉದ್ದನೆಯ ಕೊಕ್ಕೆ ತೆಗೆದುಕೊಳ್ಳಲು ಆ ಕಡೆ ಬಗ್ಗಿದ.

ಮೀನು ಸುಸ್ತಾಗಿ ಮಗ್ಗುಲಾಗಿತ್ತು. ಲಿಯೋನಾಳ ಹಿಡಿತ ಬಿಗಿಯಾಗಿತ್ತು. ಎಲ್ಮರ್ ಕೈ ಚಾಚಿ ಅವಳ ಕೈಗಿಂತ ಒಂದು ಗೇಣು ಮೇಲೆ ಕೋಲನ್ನು ಹಿಡಿದ. “ಜೋಪಾನ” ಎಂದ. ಉಸಿರೆಳೆದುಕೊಳ್ಳುವಷ್ಟು ಹೊತ್ತು, ಅಷ್ಟೇ. ಲಿಯೋನಾ ಆ ಕೈಯನ್ನು ನೋಡಿದಳು, ತಿರುಗಿ ಅವನ ಮುಖ ನೋಡಿದಳು.

ಬಂದರಿನಲ್ಲಿ ಬಾಲಕ್ಕೆ ಹಗ್ಗ ಕಟ್ಟಿ ಮೀನನ್ನು ತೂಗುಹಾಕಿದರು. ತೂಕ ಸಾವಿರದ ನಲವತ್ತೆರಡು ಪೌಂಡು. ಜನ ಟೋಪಿ ಬೀಸಿದರು. ತೀರ್ಪುಗಾರ ವಿಲ್ಫ್ರೆಡ್ ಮೆಕ್‌ಫೀ ಕಾಗದ ಹಿಡಿದು ಬಂದು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದ: “ಬೇರೆ ಯಾರೂ ಕೋಲು ಮುಟ್ಟಿಲ್ಲ ತಾನೇ?”

ಬ್ಲೇಜ್ “ಇಲ್ಲ” ಎನ್ನಲು ಬಾಯಿ ತೆರೆದಿದ್ದ. ಲಿಯೋನಾ ಗಂಡನನ್ನೇ ನೋಡುತ್ತ ನಿಂತಳು.

“ನಾನು ಮುಟ್ಟಿದೆ ವಿಲ್ಫ್ರೆಡ್,” ಎಂದ ಎಲ್ಮರ್. “ಅವಳ ಕೈ ಜಾರ್ತಿತ್ತು. ಏನು ಮಾಡೋದು, ತಡೆಯಕ್ಕಾಗಲಿಲ್ಲ.”

ಗುಂಪಿನಿಂದ ಒಂದು ನಿಟ್ಟುಸಿರು ಬಂತು. ವಿಲ್ಫ್ರೆಡ್ ಹೆಸರು ಬರೆದುಕೊಳ್ಳದೆ ಕಾಗದ ಮಡಚಿದ. ಯಾರೋ ಎಲ್ಮರ್‌ನ ಬೆನ್ನು ತಟ್ಟಿ, “ಮುಚ್ಚಿಡಬಹುದಿತ್ತು ಕಣಯ್ಯಾ, ನೀನು ಮುಚ್ಚಿಡಲಿಲ್ಲ. ದೊಡ್ಡ ಮನುಷ್ಯ” ಎಂದರು. ಇನ್ನಿಬ್ಬರು ಬಂದು ಕೈ ಕುಲುಕಿದರು. ಆ ಕೈಕುಲುಕಾಟ ಮುಗಿಯುವವರೆಗೆ ಕಾದಿದ್ದು ಲಿಯೋನಾ ಹತ್ತಿರ ಬಂದಳು. ಎಳೆದೆಳೆದು ಸೆಟೆದುಹೋದ ಬೆರಳುಗಳನ್ನು ಎದೆಗೆ ಒತ್ತಿಕೊಂಡಿದ್ದಳು.

“ನನ್ನ ಕೈ ಜಾರಿರಲಿಲ್ಲ,” ಎಂದಳು, ಅವನೊಬ್ಬನಿಗೇ ಕೇಳುವಂತೆ.

ವಾರವಿಡೀ ಮನೆಯಲ್ಲಿ ಅದರ ಮಾತು ಬರಲಿಲ್ಲ. ಶನಿವಾರ ಬೆಳಗ್ಗೆ ಅವಳು ಮತ್ತೆ ಮೀನು ಹಿಡಿಯಲು ಹೊರಟು ಬೂಟು ಹಾಕಿಕೊಳ್ಳುತ್ತಿದ್ದಳು. “ನಾನೂ ಬರ್ಲಾ?” ಎಂದು ಎಲ್ಮರ್ ಕೇಳಿದ.

“ಬ್ಲೇಜ್ ಇದಾನೆ, ಸಾಕು.”

ಎಲ್ಮರ್ ಸಂಜೆಯವರೆಗೆ ಬಂದರಿನ ಕಟ್ಟೆಯ ಮೇಲೆ ಕೂತಿದ್ದ. ಅವಳಿಗೆ ಏನೂ ಸಿಗದಿರಲಿ ಎಂದು ತಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುವುದು ಗೊತ್ತಾಗಿ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಅತ್ತಿತ್ತ ನೋಡಿದ. ಐದು ಗಂಟೆಗೆ ದೋಣಿ ಬಂತು. ಹಿಂಬದಿ ಖಾಲಿ. ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿ ಅವನು ಎದ್ದು ನಿಂತ.

ಲಿಯೋನಾ ದೋಣಿಯಿಂದ ಕಟ್ಟೆಗೆ ಜಿಗಿದಳು. ಬಟ್ಟೆಯೆಲ್ಲ ಉಪ್ಪುನೀರು, ಮೂಗು ಬಿಸಿಲಿಗೆ ಕೆಂಪಾಗಿತ್ತು. ಬ್ಲೇಜ್ ಹೇಳಿದ್ದೇನಕ್ಕೋ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಬರಿಗೈಲಿ ಬಂದ ದಿನವೂ ಒಬ್ಬರು ಹಾಗೆ ನಗಬಹುದೆಂದು ಎಲ್ಮರ್‌ಗೆ ಗೊತ್ತೇ ಇರಲಿಲ್ಲ. ಆ ನಗುವಿನ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು.