ನಾಲ್ಕನೆಯ ಹಾಡು

ಹಾಳೆಯಲ್ಲಿ ಮೋಸ ಎಲ್ಲಿದೆ ಎಂದು ಇರ್ಫಾನ ಮೂರನೇ ಸಲ ಹುಡುಕಿದ.

ಹಾಡು ಖುಶನುಮಾ ಬರೆದದ್ದು. ಇಳಕಲ್ಲಿನ ‘ಕೆಂಪುಗಲ್ಲು’ ರಾಕ್ ಬ್ಯಾಂಡಿನ ಮೊದಲ ಮೂರು ಹಾಡುಗಳೂ ಅವಳವೇ. ಅವನ್ನು ಕೇಳಿ ಹುಬ್ಬಳ್ಳಿಯ ಕಂಪನಿಯೊಂದು ಕರಾರಿಗೆ ಕರೆದಾಗ, ರಚನೆಯೂ ತನ್ನದೇ ಎಂದು ಗಾಯಕ ಇರ್ಫಾನ ಸಹಿ ಹಾಕಿದ. ಗಿಟಾರ್ ನುಡಿಸುತ್ತಿದ್ದ ಖುಶನುಮಾಗೆ ತನ್ನನ್ನು ಬ್ಯಾಂಡಿನಿಂದ ಹೊರಹಾಕಿದ ಸುದ್ದಿ ಮುಟ್ಟಿದ್ದು ವಾಟ್ಸಾಪಿನಲ್ಲಿ.

ಈಗ ಕಂಪನಿ ನಾಲ್ಕನೆಯ ಹಾಡು ಕೇಳಿತ್ತು. ಇರ್ಫಾನನಿಗೆ ಒಂದು ಸಾಲೂ ಹುಟ್ಟಿರಲಿಲ್ಲ. ಕೊಡದಿದ್ದರೆ ಕರಾರು ರದ್ದು. ರೆಕಾರ್ಡಿಂಗಿನ ದಿನ ಬೆಳಿಗ್ಗೆ ಖುಶನುಮಾ ತಾನಾಗಿಯೇ ಬಾಗಲಕೋಟೆಯ ಸ್ಟುಡಿಯೋಗೆ ಬಂದು ಹಾಡಿನ ಹಾಳೆ ಚಾಚಿದಳು.

“ತಗೋ. ಮೂರು ನುಂಗಿದಾವಗ ನಾಲ್ಕನೇದು ಗಂಟಲಾಗ ಸಿಗೂದಿಲ್ಲ.”

“ಸಿಟ್ಟಿಲ್ಲೇನು?”

“ಭಾಳ ಐತಿ. ಆದ್ರ ಇದನ್ನ ನೀನಽ ಹಾಡಬೇಕು. ನೀ ಹಾಡಿದ್ರ ಊರೆಲ್ಲಾ ಕೇಳ್ತೈತಿ.”

ಅವಳು ಗಾಜಿನಾಚೆ ಹೋಗಿ ಕುಳಿತಳು. ಡ್ರಮ್ ನುಡಿಸುವ ನಾಗಲಿಂಗ ದನಿ ತಗ್ಗಿಸಿದ. “ಲೇ, ಇಕಿ ರಾಮಥಾಳದ ಅಬ್ದುಲಸಾಬನ ಮೊಮ್ಮಗಳು. ಅಂವ ಲಾವಣಿ ಮ್ಯಾಳದಾಗ ಎದುರಿನವರನ್ನ ಅಳಿಸಿ ಮನಿಗೆ ಕಳಸ್ತಿದ್ದ. ಪುಕ್ಕಟ ಕೊಡೂ ಮಂದಿ ಅಲ್ಲ.”

ಇರ್ಫಾನ ಪಲ್ಲವಿಗೆ ಬೆರಳಿಟ್ಟ.

*ನಾನಽ ನಾನಽ, ರಾಮಥಾಳದ ಖುಶನುಮಾ,*
*ನಕ್ಕೋತ ಬಂದೇನಿ, ಹೊತ್ಕೊಂಡು ಹೋದೇನಿ.*

“ಸಿಕ್ತು ನೋಡು! ಹಳೇ ಮಂದಿ ಹಾಡಿನ್ಯಾಗ ಊರು, ಹೆಸರು ಹೊಲಿದಿಡ್ತಿದ್ರಲ್ಲ, ಅದಽ ಆಟ. ನಾ ಹಾಡಿದ್ರೂ ಹಾಡು ತನ್ನದು ಅಂತ ಜಗತ್ತಿಗೆ ಗೊತ್ತಾಗ್ಲಿ ಅಂತ.”

“ಹೊತ್ಕೊಂಡು ಹೋಗೂದು ಏನನ್ನ?”

“ಎದೀನ್ನಲೇ, ದಡ್ಡ. ಪ್ರೀತಿ ಹಾಡು.”

ಅವಳ ಊರು, ಹೆಸರು ಹೊಡೆದುಹಾಕಿ ಅವನು ‘ಇಳಕಲ್ಲಿನ ಇರ್ಫಾನ’ ಎಂದು ಬರೆದ. ತಾಳಕ್ಕೆ ಸರಿಯಾಗಿ ಕೂತಿತು.

ಎಂಟು ಸಲ ಹಾಡಿಸಿದರು. ಹೊರಬಂದವನು ಖುಶನುಮಾ ಮುಂದೆ ನಿಂತ. “ನಿನ್ನ ಹೆಸರು ತಗದೇನಿ.”

“ಕೇಳಿಸ್ತು. ನಿಂದು ಇನ್ನಷ್ಟು ಬಿಡಿಸಿ ಹೇಳು. ಭಾಳ ಓಡಸ್ತಿ.”

ಸೋತವಳ ಸಲಹೆ ಎಂದುಕೊಂಡು ನಕ್ಕ. ಆದರೂ ಒಂಬತ್ತನೇ ಸಲ ಬಿಡಿಸಿ ಹಾಡಿದ. ಕಂಪನಿಯವರು ಅದನ್ನೇ ಆರಿಸಿದರು.

ಹಾಡು ಬಿಡುಗಡೆಯಾದ ವಾರದಲ್ಲೇ ಹುನಗುಂದದ ಕಾಲೇಜಿನಿಂದ ಕುಳಗೇರಿ ಕ್ರಾಸಿನ ಚಹಾದಂಗಡಿವರೆಗೆ ಎಲ್ಲರ ಬಾಯಲ್ಲೂ ಪಲ್ಲವಿ. ಶಾಲೆಯ ಮಕ್ಕಳು ಇರ್ಫಾನನನ್ನು ಕಂಡರೆ ‘ನಾನಽ ನಾನಽ, ಇಳಕಲ್ಲಿನ ಇರ್ಫಾನ’ ಎಂದು ಹಾಡುತ್ತಿದ್ದರು. ಅವನು ಕೈ ಬೀಸುತ್ತಿದ್ದ.

ಹತ್ತನೆಯ ದಿನ ಖುಶನುಮಾ ಒಬ್ಬಳೇ ಗಿಟಾರ್ ಹಿಡಿದು ಯೂಟ್ಯೂಬಿಗೆ ಬಂದಳು. ಅದೇ ಧಾಟಿ, ಅದೇ ತಾಳ.

“ನಮ್ಮಜ್ಜನ ಮ್ಯಾಳದಾಗ ಒಬ್ಬರು ಹಾಡಿನ್ಯಾಗ ಸವಾಲು ಹಾಕಿದ್ರ, ಎದುರಿನವರು ಹಾಡಿನ್ಯಾಗಽ ಜವಾಬು ಕೊಡ್ತಿದ್ರು,” ಎಂದಳು. “ಈ ಸಲ ಜವಾಬು ಮೊದಲ ಬಂದೈತ್ರಿ, ನಿಮಗೆಲ್ಲಾ ಬಾಯಿಪಾಠ ಆಗೈತಿ. ನಾ ಸವಾಲು ಹಾಡ್ತೇನಿ, ನೀವು ಜವಾಬು ಹಾಡ್ರಿ.”

*ಗೆಳತಿ ಕಟ್ಟಿದ ಹಾಡು ಕದ್ದಾವ ಯಾರು?*